ಕೆಂಪು ಕಣದ ಪೊರೆ ಮತ್ತು ಒಂದು ಸರಾಸರಿಯ ಕಥೆ

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದವನಿಗೆ ಅಂಕಿ ಅಂಶಗಳ ಮೇಲೆ ಒಂದು ಬಗೆಯ ಭಕ್ತಿ ಬೆಳೆದುಬಿಡುತ್ತದೆ. ಅವನು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಾಗಿದ್ದರಂತೂ ಆ ಭಕ್ತಿ ಇಮ್ಮಡಿ. ತಿಂಗಳ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ತಾಲ್ಲೂಕುವಾರು ಶೇಕಡಾವಾರು ಪಟ್ಟಿಯನ್ನು ಮುಂದಿಟ್ಟುಕೊಂಡು ಕಿರಿಯ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ ಅಭ್ಯಾಸ ನಿವೃತ್ತಿಯ ಬಳಿಕವೂ ನನ್ನನ್ನು ಬಿಟ್ಟಿರಲಿಲ್ಲ. ಹದಿನೆಂಟು ವರ್ಷಗಳಿಂದ ಜತೆಗಿರುವ ಸಕ್ಕರೆ ಕಾಯಿಲೆಯನ್ನೂ ನಾನು ಅದೇ ಧಾಟಿಯಲ್ಲಿ ನಿಭಾಯಿಸುತ್ತ ಬಂದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಿಂದ ಬರುವ ‘ಎಚ್‌ಬಿ ಎ1ಸಿ’ ಎಂಬ ಒಂದು ಸಂಖ್ಯೆ ನನ್ನ ಪಾಲಿಗೆ ತ್ರೈಮಾಸಿಕ ವರದಿಯಾಗಿತ್ತು. ಏಳಕ್ಕಿಂತ ಕಡಿಮೆ ಬಂದರೆ ಗುರಿ ಸಾಧನೆ, ಹೆಚ್ಚು ಬಂದರೆ ವೈಫಲ್ಯ. ಈ ಲೆಕ್ಕದ ಹಿಂದೆ ಬೇರೆ ಏನಾದರೂ ಇರಬಹುದೆಂದು ನಾನು ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದವಳು ನನ್ನ ಅಕ್ಕ. ಹಾಸನ ಜಿಲ್ಲೆಯ ನಮ್ಮ ಹುಟ್ಟೂರಿನಲ್ಲೇ ನೆಲೆಸಿರುವ ಆಕೆಗೆ ಈಗ ಎಪ್ಪತ್ತನಾಲ್ಕು ವರ್ಷ. ಆಕೆಗೂ ಮಧುಮೇಹವಿದೆ. ಮೂರು ವರ್ಷಗಳ ಹಿಂದೆ ಆಕೆಯ ಎ1ಸಿ 7.8 ಎಂದು ವರದಿ ಬಂತು. ಬೆಂಗಳೂರಿನಲ್ಲಿ ಕುಳಿತ ನಾನು ದೂರವಾಣಿಯಲ್ಲೇ ಅಲ್ಲಿನ ವೈದ್ಯರೊಡನೆ ಮಾತನಾಡಿ, ಔಷಧದ ಪ್ರಮಾಣ ಹೆಚ್ಚಿಸಲು ಒತ್ತಾಯಿಸಿದೆ. ಅವರು ಹಿಂದೆಮುಂದೆ ನೋಡಿದರು. ಬೆರಳ ತುದಿಯ ಪರೀಕ್ಷೆಯಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚು ಕಾಣುತ್ತಿಲ್ಲವೆಂದೂ ಹೇಳಿದರು. ಒಂದು ದಿನದ ಅಂಕಿಗಿಂತ ಮೂರು ತಿಂಗಳ ಸರಾಸರಿ ಹೆಚ್ಚು ವಿಶ್ವಾಸಾರ್ಹವೆಂದು ನಾನು ವಾದಿಸಿದೆ. ಹಿರಿಯ ಅಧಿಕಾರಿಯಾಗಿದ್ದವನ ಮಾತಿಗೆ ನಮ್ಮ ಕಡೆ ಇರಬೇಕಾದುದಕ್ಕಿಂತ ಹೆಚ್ಚು ತೂಕವಿರುತ್ತದೆ. ಮೇದೋಜ್ಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಸ್ರವಿಸುವಂತೆ ಮಾಡುವ ಗುಳಿಗೆಯ ಪ್ರಮಾಣ ಹೆಚ್ಚಾಯಿತು. ಎರಡು ವಾರಗಳ ನಂತರ ಅಕ್ಕ, ‘ನಿನ್ನ ಅಂಕಿ ಏನು ಹೇಳುತ್ತೋ ಗೊತ್ತಿಲ್ಲ ಕಣೋ ತಮ್ಮ, ನನಗಂತೂ ಬೆಳಗಿನ ಜಾವ ಕೈ ನಡುಗುತ್ತೆ, ಮೈಯೆಲ್ಲ ಬೆವರುತ್ತೆ’ ಎಂದಳು. ವಯಸ್ಸಿನ ದೋಷವೆಂದು ಸಮಾಧಾನ ಹೇಳಿದೆ. ಮುಂದಿನ ವಾರ ಆಕೆ ತುಳಸಿ ಕಟ್ಟೆಯ ಬಳಿ ಕುಸಿದು ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ರಕ್ತ ಪರೀಕ್ಷೆಯಲ್ಲಿ ಆಕೆಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 8 ಗ್ರಾಮ್ ಎಂದು ತಿಳಿಯಿತು. ಆಕೆಯ ವಯಸ್ಸಿನ ಹೆಣ್ಣಿಗೆ ಕನಿಷ್ಠ 12 ಇರಬೇಕು. ತೀವ್ರವಾದ ಕಬ್ಬಿಣದ ಕೊರತೆ ಇದ್ದಿತು. ಅಲ್ಲಿದ್ದ ಯುವ ವೈದ್ಯೆಯೊಬ್ಬರು ಹಳೆಯ ವರದಿಗಳನ್ನು ತಿರುವಿ ಹಾಕುತ್ತ, ‘ಸರ್, ಇಷ್ಟು ರಕ್ತಹೀನತೆ ಇರುವಾಗ ಈ ಎ1ಸಿಯನ್ನು ನಂಬಲಾಗದು’ ಎಂದರು. ಅಂದಿನಿಂದ ನಾನು ನನ್ನ ವಯಸ್ಸಿಗೂ ವಿದ್ಯೆಗೂ ಹೊಂದದ ಒಂದು ವಿಷಯದ ವಿದ್ಯಾರ್ಥಿಯಾದೆ. ಆ ವಿಷಯ ಕೆಂಪು ರಕ್ತಕಣ, ಅದರಲ್ಲೂ ಮುಖ್ಯವಾಗಿ ಅದನ್ನು ಸುತ್ತುವರಿದ ಪೊರೆ.

ಕೆಂಪು ರಕ್ತಕಣ ಮಧ್ಯದಲ್ಲಿ ತಗ್ಗಿದ ಬಿಲ್ಲೆಯಂತಿದೆ. ಅದರ ವ್ಯಾಸ ಸುಮಾರು 7ರಿಂದ 8 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಭಾಗ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಂಥ ಸುಮಾರು 50 ಲಕ್ಷ ಕಣಗಳಿರುತ್ತವೆ. ಬಲಿತ ಕಣದಲ್ಲಿ ಕೋಶಕೇಂದ್ರವಿಲ್ಲ. ಹೊಸ ಪ್ರೋಟೀನ್ ತಯಾರಿಸುವ, ಹಳೆಯದನ್ನು ಬದಲಾಯಿಸುವ ಸೌಕರ್ಯವೂ ಇಲ್ಲ. ಮೂಳೆಮಜ್ಜೆಯಿಂದ ಹೊರಡುವಾಗ ಕಟ್ಟಿಕೊಟ್ಟ ಬುತ್ತಿಯಲ್ಲೇ ಅದು ಸುಮಾರು 120 ದಿನ ಬಾಳಬೇಕು. ದೇಹವನ್ನು ಒಂದು ಸುತ್ತು ಹಾಕಲು ಅದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಸಾಕು. ಲೆಕ್ಕ ಹಾಕಿದರೆ ತನ್ನ ಜೀವಿತಾವಧಿಯಲ್ಲಿ ಅದು 1.7 ಲಕ್ಷ ಬಾರಿ ಪ್ರದಕ್ಷಿಣೆ ಮಾಡುತ್ತದೆ.

ಈ ಪ್ರಯಾಣದಲ್ಲಿ ಅದು ತನಗಿಂತ ಕಿರಿದಾದ ಹಾದಿಗಳಲ್ಲಿ ನುಸುಳಬೇಕಾಗುತ್ತದೆ. ಅತಿ ಸೂಕ್ಷ್ಮವಾದ ಲೋಮನಾಳಗಳು ಕಣದ ವ್ಯಾಸಕ್ಕಿಂತಲೂ ಕಿರಿದು. ಗುಲ್ಮದಲ್ಲಿರುವ ಸೀಳುಗಳಂತೂ ಒಂದೆರಡು ಮೈಕ್ರಾನ್ ಅಗಲದವು. ಕಣ ಅಲ್ಲಿ ಮಡಿಸಿಕೊಂಡು, ಉದ್ದಕ್ಕೆ ಎಳೆದುಕೊಂಡು ಆಚೆ ದಾಟಿ ಮತ್ತೆ ಮೊದಲಿನ ಆಕಾರಕ್ಕೆ ಬರಬೇಕು. ಹೀಗೆ ಬಾಗಲಾರದ ಮುದಿ ಕಣಗಳನ್ನು ಗುಲ್ಮ ತಡೆಹಿಡಿದು ವಿಲೇವಾರಿ ಮಾಡುತ್ತದೆ. ಬಾಗುವ ಈ ಗುಣವೇ ಕಣದ ಬದುಕು, ಬಿಗಿದುಕೊಳ್ಳುವುದೇ ಅದರ ಸಾವು ಎನ್ನಬಹುದು.

ಬಾಗುವ ಗುಣವನ್ನು ಬಹುಮಟ್ಟಿಗೆ ಕೊಡುವುದು ಪೊರೆ. ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಜೀವಕೋಶದ ಪೊರೆ ಕೊಬ್ಬಿನ ಅಣುಗಳ ಎರಡು ಪದರಗಳಿಂದಾಗಿದೆ ಎಂಬುದನ್ನು ಜಗತ್ತು ಮೊದಲು ಅರಿತದ್ದೇ ಕೆಂಪು ಕಣಗಳ ಮೂಲಕ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಈ ಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿ ನೋಡಿದರು. ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ಆವರಿಸಿತು. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಈ ಚಿತ್ರವನ್ನು ಇನ್ನಷ್ಟು ವಿಸ್ತರಿಸಿ, ಪೊರೆಯೆಂಬುದು ದ್ರವದಂತೆ ಸರಿದಾಡುವ ಕೊಬ್ಬಿನ ಹಾಸು, ಅದರಲ್ಲಿ ಪ್ರೋಟೀನುಗಳು ತೇಲುತ್ತಿರುತ್ತವೆ ಎಂದು ವಿವರಿಸಿದರು. ಕೆಂಪು ಕಣದಲ್ಲಿ ಈ ಹಾಸಿನ ಒಳಮೈಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆಯೊಂದನ್ನು ಹೆಣೆಯಲಾಗಿದೆ. ಬುಟ್ಟಿಯ ಒಳಗಿನ ಬೆತ್ತದ ಹೆಣಿಗೆಯಂತೆ ಅದು ಆಕಾರವನ್ನು ಹಿಡಿದಿಡುತ್ತದೆ. ಒತ್ತಿದರೆ ಬಾಗಿ, ಬಿಟ್ಟರೆ ಹಿಂದಿರುಗುತ್ತದೆ.

ಇಲ್ಲಿಗೆ ಸಕ್ಕರೆ ಹೇಗೆ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಸ್ನಾಯುಗಳ ಕೋಶಗಳು ಊಟದ ನಂತರ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯುತ್ತವೆ. ಕೆಂಪು ಕಣಕ್ಕೆ ಅಂಥ ಅಪ್ಪಣೆ ಬೇಕಿಲ್ಲ. ಅದರ ಪೊರೆಯಲ್ಲಿ ಗ್ಲುಟ್-1 ಎಂಬ ಬಾಗಿಲು ಸದಾ ತೆರೆದೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಕಣದೊಳಗೂ ಏರುತ್ತದೆ. ಮಧುಮೇಹದಲ್ಲಿ ಸ್ನಾಯುಗಳು ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳಲಾಗದೆ ಪರದಾಡುತ್ತಿದ್ದರೆ, ಕೆಂಪು ಕಣ ಒಳಗೂ ಹೊರಗೂ ಸಕ್ಕರೆಯ ಪಾಕದಲ್ಲಿ ಅದ್ದಿದಂತಿರುತ್ತದೆ.

ಸಕ್ಕರೆ ಮತ್ತು ಪ್ರೋಟೀನ್ ಬಹುಕಾಲ ಜತೆಗಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಇದನ್ನು ವಿವರಿಸಿದರು. ಕಾದ ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದು ಇದೇ ಕ್ರಿಯೆಯಿಂದ. ಕಾವಲಿಯ ಮೇಲೆ ಕ್ಷಣಗಳಲ್ಲಿ ಆಗುವುದು ದೇಹದ 37 ಡಿಗ್ರಿ ಶಾಖದಲ್ಲಿ ವಾರಗಳವರೆಗೆ ನಿಧಾನವಾಗಿ ನಡೆಯುತ್ತದೆ. 1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಮಧುಮೇಹಿಗಳ ರಕ್ತದಲ್ಲಿ ಅಸಹಜವಾದ ಹಿಮೋಗ್ಲೋಬಿನ್ ಇರುವುದನ್ನು ಗುರುತಿಸಿದರು. ಅದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಆಗಿತ್ತು. ಕಾಯಿಲೆಯ ನಿಯಂತ್ರಣವನ್ನು ಅಳೆಯಲು ಇದನ್ನೇ ಬಳಸಬಹುದೆಂದು 1976ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. 2010ರಿಂದ ಅಮೆರಿಕದ ಮಧುಮೇಹ ಸಂಘ, 2011ರಿಂದ ವಿಶ್ವ ಆರೋಗ್ಯ ಸಂಸ್ಥೆ ಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ನಿರ್ಣಯಿಸಲು ಒಪ್ಪಿವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು ನಾವು ಅಳೆಯುತ್ತೇವೆ, ಆದರೆ ಸಕ್ಕರೆ ಅಂಟುವುದು ಅದೊಂದಕ್ಕೇ ಅಲ್ಲ. ಪೊರೆಯ ಪ್ರೋಟೀನುಗಳಿಗೂ, ಒಳಗಿನ ಸ್ಪೆಕ್ಟ್ರಿನ್ ಬಲೆಗೂ ಅಂಟುತ್ತದೆ. ಜತೆಗೆ, ಹೆಚ್ಚುವರಿ ಗ್ಲೂಕೋಸಿನ ಒಂದು ಭಾಗವನ್ನು ಕಣ ಬೇರೊಂದು ದಾರಿಯಲ್ಲಿ ಸಾರ್ಬಿಟಾಲ್ ಆಗಿ ಪರಿವರ್ತಿಸುತ್ತದೆ. ಆ ಕೆಲಸಕ್ಕೆ ಖರ್ಚಾಗುವ ಸಾಮಗ್ರಿಯೇ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ಸುಸ್ಥಿತಿಯಲ್ಲಿಡಲೂ ಬೇಕು. ಒಂದು ಬಾಬತ್ತಿನ ಹಣವನ್ನು ಇನ್ನೊಂದಕ್ಕೆ ತಿರುಗಿಸಿದಾಗ ಆಗುವುದೇ ಇಲ್ಲೂ ಆಗುತ್ತದೆ. ರಕ್ಷಣೆ ತೆಳುವಾಗಿ, ಆಮ್ಲಜನಕದ ಉಗ್ರರೂಪಗಳು ಪೊರೆಯ ಕೊಬ್ಬನ್ನು ಕಮಟಾಗಿಸುತ್ತವೆ. ಹಳೆಯ ಎಣ್ಣೆ ಕಮಟು ಹಿಡಿಯುವುದಕ್ಕೂ ಇದಕ್ಕೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಹತ್ತಿರದ ನಂಟಿದೆ.

ಇದರ ಪರಿಣಾಮಗಳು ಹಲವು. ಪೊರೆಯ ದ್ರವಗುಣ ತಗ್ಗಿ ಕಣ ಬಿರುಸಾಗುತ್ತದೆ. ಮಧುಮೇಹಿಗಳ ಕೆಂಪು ಕಣಗಳು ಸುಲಭವಾಗಿ ಬಾಗುವುದಿಲ್ಲವೆಂಬುದನ್ನು 1970ರ ದಶಕದಿಂದಲೂ ಪ್ರಯೋಗಗಳು ತೋರಿಸುತ್ತ ಬಂದಿವೆ. ಸೋಡಿಯಂ ಹೊರದೂಡಿ ಪೊಟಾಸಿಯಂ ಒಳತರುವ ಪೊರೆಯ ಪಂಪಿನ ಕಾರ್ಯಕ್ಷಮತೆ ಕುಂದುವುದನ್ನೂ ಗುರುತಿಸಲಾಗಿದೆ. ಕಣದ ಹೊರಮೈಯಲ್ಲಿರುವ ಸಯಾಲಿಕ್ ಆಮ್ಲ ಋಣ ವಿದ್ಯುದಂಶ ಹೊಂದಿದ್ದು, ಕಣಗಳು ಒಂದನ್ನೊಂದು ದೂರವಿಡಲು ನೆರವಾಗುತ್ತದೆ. ಅದು ಕಡಿಮೆಯಾದಾಗ, ಪ್ಲಾಸ್ಮಾದಲ್ಲಿ ಫೈಬ್ರಿನೋಜೆನ್ ಕೂಡ ಹೆಚ್ಚಿದಾಗ, ಕಣಗಳು ಅಡುಕಿಟ್ಟ ನಾಣ್ಯಗಳಂತೆ ಸಾಲುಗಟ್ಟುತ್ತವೆ. ಆರೋಗ್ಯವಂತ ಪೊರೆಯಲ್ಲಿ ಒಳಪದರದಲ್ಲೇ ಅಡಗಿರಬೇಕಾದ ಫಾಸ್ಫಟೈಡಿಲ್ ಸೆರಿನ್ ಎಂಬ ಕೊಬ್ಬಿನ ಅಣು ಹೊರಪದರಕ್ಕೆ ಬರುತ್ತದೆ. ‘ನನ್ನ ಕಾಲ ಮುಗಿಯಿತು, ನನ್ನನ್ನು ತೆಗೆದುಹಾಕಿ’ ಎಂಬ ಸೂಚನೆ ಅದು. ರಕ್ತ ಹೆಪ್ಪುಗಟ್ಟುವುದಕ್ಕೂ ಅದು ಇಂಬು ಕೊಡುತ್ತದೆ. ಕೆಂಪು ಕಣ ಒಂದೇ ಈ ಪಾಡಿಗೆ ಒಳಗಾಗುವುದಿಲ್ಲ. ಪ್ಲೇಟ್‌ಲೆಟ್‌ಗಳು ಬೇಗನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಳಿ ಕಣಗಳು ಲೋಮನಾಳದ ಗೋಡೆಗೆ ಕಚ್ಚಿಕೊಳ್ಳುತ್ತವೆ.

ಮಧುಮೇಹ ಮೊದಲು ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಪಾದದ ನರ ಇವುಗಳನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ಭಾಗ ದೊರೆಯುತ್ತದೆ. ಅವೆಲ್ಲ ಅತಿ ಸೂಕ್ಷ್ಮ ರಕ್ತನಾಳಗಳನ್ನು ನೆಚ್ಚಿಕೊಂಡ ಅಂಗಗಳು. ಗಲ್ಲಿಯ ಗೋಡೆಗಳೂ ಸಕ್ಕರೆಯಿಂದ ದಪ್ಪಗಾಗಿ, ನಡೆಯುವವರ ಮೈಯೂ ಸೆಟೆದುಕೊಂಡರೆ ಸಂಚಾರ ನಿಲ್ಲದೆ ಇನ್ನೇನಾದೀತು? ಗೋಡೆಯ ಹಾನಿಯೇ ಇಲ್ಲಿ ಹೆಚ್ಚಿನದು, ಕಣದ ಬಿರುಸು ಅದಕ್ಕೆ ಜತೆಗೂಡುವ ಕಾರಣ ಎಂಬುದನ್ನು ಮರೆಯಬಾರದು. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ನಾಳದ ಗೋಡೆಯಲ್ಲಿರುವ ಕೊಲಾಜನ್‌ನಂಥ ಪ್ರೋಟೀನುಗಳು ದೀರ್ಘಾಯುಷಿಗಳು, ಅವಕ್ಕೆ ಅಂಟಿದ ಸಕ್ಕರೆ ವರ್ಷಗಟ್ಟಲೆ ಉಳಿಯುತ್ತದೆ. ಕೆಂಪು ಕಣಗಳು ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಹೊಸದಾಗುತ್ತವೆ. ಇಂದಿನಿಂದ ಸಕ್ಕರೆ ಹತೋಟಿಗೆ ಬಂದರೆ ಮುಂದಿನ ಋತುವಿನ ಕಣಗಳು ಇಂದಿನವುಗಳಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತವೆ. ತಡವಾಗಿ ಎಚ್ಚೆತ್ತವರಿಗೂ ಪ್ರಕೃತಿ ನೀಡಿರುವ ಒಂದು ರಿಯಾಯಿತಿ ಇದು.

ಈಗ ಅಕ್ಕನ ಸಂಖ್ಯೆಗೆ ಮರಳೋಣ. ಎ1ಸಿ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತು ಎಂಬುದು. ಇನ್ನೊಂದು, ಆ ಸಕ್ಕರೆಯಲ್ಲಿ ಕಣ ಎಷ್ಟು ಕಾಲ ಕಳೆಯಿತು ಎಂಬುದು. ಎರಡನೆಯದು ಎಲ್ಲರಲ್ಲೂ ಸಮಾನವೆಂದು ಭಾವಿಸಿಯೇ ನಾವು ಮೊದಲನೆಯದನ್ನು ಅಂದಾಜು ಮಾಡುತ್ತೇವೆ. ಬೇರೆಲ್ಲ ಅಂಶಗಳು ಸ್ಥಿರವಾಗಿದ್ದರೆ ಎಂಬ ಷರತ್ತನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಮೊದಲ ಪಾಠದಲ್ಲೇ ಕಲಿತು ಎರಡನೆಯ ಪಾಠದ ವೇಳೆಗೆ ಮರೆತಿರುತ್ತೇವೆ. ರಕ್ತದ ಯಾವ ಕಾಯಿಲೆಯೂ ಇಲ್ಲದವರಲ್ಲಿ ಕೂಡ ಕಣದ ಆಯುಸ್ಸು ವ್ಯಕ್ತಿಯಿಂದ ವ್ಯಕ್ತಿಗೆ ಎ1ಸಿಯನ್ನು ಬದಲಿಸುವಷ್ಟು ಭಿನ್ನವಾಗಿರುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಬ್ಬಿಣದ ಕೊರತೆಯಿದ್ದಾಗ ಹೊಸ ಕಣಗಳ ಉತ್ಪಾದನೆ ಕುಂಠಿತವಾಗಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ; ಸಂಖ್ಯೆ ಇರಬೇಕಾದುದಕ್ಕಿಂತ ಮೇಲೆ ಕಾಣುತ್ತದೆ. ಕುಡಗೋಲು ಕಣ ರೋಗದಲ್ಲಿ ಪೊರೆ ಬೇಗ ಹಾಳಾಗಿ ಕಣಗಳು ಅಲ್ಪಾಯುಷಿಗಳಾಗುವುದರಿಂದ ಸಂಖ್ಯೆ ಕೆಳಗೆ ಕಾಣುತ್ತದೆ. ಮಧುಮೇಹ ಇದ್ದೂ ಇಲ್ಲದಂತೆ ತೋರಬಹುದು. ಮಧುಮೇಹವೇ ಪೊರೆಯನ್ನು ಬಿರುಸಾಗಿಸಿ ಕಣದ ಆಯುಸ್ಸನ್ನು ಮೊಟಕುಗೊಳಿಸಿದರೆ, ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಸ್ವಲ್ಪ ಅಳಿಸಿಹಾಕಿದಂತೆಯೂ ಆಗುತ್ತದೆ.

ಅಕ್ಕನಿಗೆ ನಾಲ್ಕು ತಿಂಗಳು ಕಬ್ಬಿಣದ ಚಿಕಿತ್ಸೆ ನಡೆಯಿತು. ಸಕ್ಕರೆಯ ಗುಳಿಗೆಯನ್ನು ಹಳೆಯ ಪ್ರಮಾಣಕ್ಕಿಂತಲೂ ಇಳಿಸಲಾಯಿತು. ಆ ಬಳಿಕ ಆಕೆಯ ಎ1ಸಿ 6.9. ಔಷಧ ಕಡಿಮೆಯಾದ ಮೇಲೂ ಸಂಖ್ಯೆ ಇಳಿದಿತ್ತು. ನಾನು ಒತ್ತಾಯದಿಂದ ಏರಿಸಿದ್ದ ಔಷಧ ಆಕೆಗೆ ಬೇಕಾಗಿಯೇ ಇರಲಿಲ್ಲ. ಬೆಳಗಿನ ಜಾವದ ನಡುಕ, ಬೆವರು ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತಿದ್ದುದರ ಲಕ್ಷಣಗಳು. ಅದನ್ನು ಆಕೆ ತನ್ನ ಬಾಯಿಂದಲೇ ಹೇಳಿದ್ದಳು. ನಾನು ಕೇಳಿದ್ದು ಪ್ರಯೋಗಾಲಯದ ಕಾಗದದ ಮಾತನ್ನು.

ಇದು ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿಗೂ ಮೀರಿದ ಜನ ಅದರ ಹೊಸ್ತಿಲಲ್ಲಿದ್ದಾರೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 47.8. ನಮ್ಮ ರಾಜ್ಯದ ಸೋಲಿಗ, ಜೇನುಕುರುಬ ಮುಂತಾದ ಬುಡಕಟ್ಟುಗಳಲ್ಲಿ ಕುಡಗೋಲು ಕಣ ರೋಗವೂ ಉಂಟು. ಈ ಗುಂಪುಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ನಿಂತವರು ಎಷ್ಟೋ ಮಂದಿ ಇದ್ದಾರು. ಅಂಥವರಿಗೆ ಎ1ಸಿ ಒಂದನ್ನೇ ನೆಚ್ಚಿ ಔಷಧ ಏರಿಸುವುದು ಅಥವಾ ನಿಮಗೇನೂ ಇಲ್ಲವೆಂದು ಕಳುಹಿಸುವುದು, ಎರಡೂ ಅಪಾಯಕಾರಿ.

ನಮ್ಮ ಆಡಳಿತದಲ್ಲಿ ಇವು ಬೇರೆ ಬೇರೆ ಕಡತಗಳು. ಮಧುಮೇಹಕ್ಕೆ 2010ರಲ್ಲಿ ಆರಂಭವಾದ, ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವಿದೆ. ರಕ್ತಹೀನತೆಗೆ 2018ರ ‘ಅನೀಮಿಯಾ ಮುಕ್ತ ಭಾರತ’ವಿದೆ. ಕುಡಗೋಲು ಕಣ ರೋಗಕ್ಕೆ 2023ರ ಜುಲೈನಲ್ಲಿ ಆರಂಭಗೊಂಡ ಪ್ರತ್ಯೇಕ ಅಭಿಯಾನವಿದೆ. ಪ್ರತಿಯೊಂದಕ್ಕೂ ಅದರದೇ ಲೆಕ್ಕಶೀರ್ಷಿಕೆ, ಅದರದೇ ನಮೂನೆ, ಅದರದೇ ಪರಿಶೀಲನಾ ಸಭೆ. ರೋಗಿಯ ರಕ್ತದಲ್ಲಿ ಮಾತ್ರ ಇವೆಲ್ಲವೂ ಸೇರುವುದು ಒಂದೇ ಕಣದಲ್ಲಿ. ಇಂಥ ಕಡತಗಳನ್ನು ದಶಕಗಳ ಕಾಲ ಬೇರೆ ಬೇರೆ ಕಪಾಟುಗಳಲ್ಲಿಟ್ಟವರಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳಬಲ್ಲೆ.

ಇದಕ್ಕೆ ಬೇಕಾದ ಪರಿಹಾರ ದೊಡ್ಡ ವೆಚ್ಚದ್ದೇನಲ್ಲ. ಎ1ಸಿ ಪರೀಕ್ಷೆ ಮಾಡುವಲ್ಲೆಲ್ಲ ಹಿಮೋಗ್ಲೋಬಿನ್ ಪ್ರಮಾಣವನ್ನೂ ನೋಡಿ, ಎರಡನ್ನೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ಮುದ್ರಿಸಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದಲ್ಲಿ ಬರಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ಅಳೆಯದೆ ಔಷಧ ಬದಲಿಸಬಾರದು. ಅನುಮಾನವಿದ್ದಲ್ಲಿ ಎರಡು ಮೂರು ವಾರಗಳ ಸಕ್ಕರೆಯನ್ನು ತಿಳಿಸುವ ಫ್ರಕ್ಟೋಸಮೀನ್ ಪರೀಕ್ಷೆಯುಂಟು, ಅದಕ್ಕೆ ಕೆಂಪು ಕಣದ ಆಯುಸ್ಸಿನ ಹಂಗಿಲ್ಲ. ಎ1ಸಿ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ರಕ್ತ ಆರೋಗ್ಯವಾಗಿರುವವರಿಗೆ ಅದಕ್ಕಿಂತ ಅನುಕೂಲವಾದ ಅಳತೆಗೋಲು ಅಪರೂಪ. ನಾನು ಈಗಲೂ ಮೂರು ತಿಂಗಳಿಗೊಮ್ಮೆ ಅದನ್ನು ಮಾಡಿಸುತ್ತೇನೆ. ಆದರೆ ಯಾವ ಸರಾಸರಿಯಾದರೂ ತಾನು ಏನನ್ನು ಎಣಿಸಿಲ್ಲ ಎಂಬುದನ್ನು ತಾನಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಅಕ್ಕ ಈಗ ಕೋಲೂರಿ ನಡೆಯುತ್ತಾಳೆ. ತುಳಸಿ ಕಟ್ಟೆಯವರೆಗೆ ಒಬ್ಬಳೇ ಹೋಗಲು ಮನೆಯವರು ಬಿಡುವುದಿಲ್ಲ. ನನ್ನ ಮೇಲೆ ಆಕೆಗೆ ಮುನಿಸಿಲ್ಲ, ಅದು ನನಗೆ ಇನ್ನಷ್ಟು ಕಷ್ಟ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ ಮೊದಲೆಲ್ಲ ‘ಶುಗರ್ ಎಷ್ಟಿದೆ ಅಕ್ಕ?’ ಎಂದು ಆರಂಭಿಸುತ್ತಿದ್ದೆ. ಈಗ ‘ಹೇಗಿದ್ದೀಯ ಅಕ್ಕ?’ ಎಂದು ಕೇಳಿ, ಆಕೆ ಹೇಳಿ ಮುಗಿಸುವವರೆಗೆ ಸುಮ್ಮನಿರುತ್ತೇನೆ.